ಜಾಲ ತಂತ್ರಾಂಶಕ್ಕೆ ಸಿದ್ಧ ಘಟಕಗಳ ಅಳವಡಿಕೆ: ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

ವಿತರಕರಿಂದ ಬೇಡಿಕೆ ಪಡೆಯಲು, ಬಾಕಿ ಬಿಲ್ಲುಗಳ ವಿವರ ತೋರಿಸಲು, ದಾಸ್ತಾನಿನ ಸ್ಥಿತಿ ತಿಳಿಸಲು ತಮ್ಮದೇ ಆದ ಜಾಲ ತಂತ್ರಾಂಶವೊಂದನ್ನು ಬರೆಸಿಕೊಳ್ಳುವುದು ಈಗ ಬೃಹತ್ ಕೈಗಾರಿಕೆಗಳಿಗೆ ಮಾತ್ರ ಮೀಸಲಾದ ಸಂಗತಿಯಲ್ಲ. ಸಗಟು ವ್ಯಾಪಾರಸ್ಥರು, ಸಣ್ಣ ಪ್ರಮಾಣದ ತಯಾರಕರು, ಸಾಗಣೆದಾರರು ಸಹ ಸ್ಥಳೀಯ ತಂತ್ರಾಂಶ ತಯಾರಕರಿಗೆ ಕೆಲಸ ಒಪ್ಪಿಸಿ ಕೆಲವೇ ತಿಂಗಳುಗಳಲ್ಲಿ ಇಂತಹ ವ್ಯವಸ್ಥೆಯನ್ನು ಪಡೆಯುತ್ತಿದ್ದಾರೆ. ಕೆಲಸ ಇಷ್ಟು ಶೀಘ್ರವಾಗಿ ಮುಗಿಯಲು ಒಂದು ಮುಖ್ಯ ಕಾರಣವಿದೆ. ಪರದೆಯ ಮೇಲೆ ಕಾಣುವ ಬಹುಪಾಲು ಭಾಗಗಳನ್ನು ಯಾರೂ ಹೊಸದಾಗಿ ಬರೆಯುವುದಿಲ್ಲ. ದಿನಾಂಕ ಆರಿಸುವ ಪಂಚಾಂಗ, ಸಾಲು ಅಂಕಣಗಳ ಕೋಷ್ಟಕ, ಮಾರಾಟದ ರೇಖಾಚಿತ್ರ, ಕಡತ ಏರಿಸುವ ಗುಂಡಿ ಇವೆಲ್ಲ ಬೇರೆಡೆ ತಯಾರಾಗಿ ಬಂದ ಸಿದ್ಧ ಘಟಕಗಳು. ಮನೆ ಕಟ್ಟುವವರು ಬಾಗಿಲಿನ ಬೀಗವನ್ನು ಕುಲುಮೆಯಲ್ಲಿ ಮಾಡಿಸದೆ ಅಂಗಡಿಯಿಂದ ತರುವಂತೆಯೇ ಇದು.

ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಬೀಗ ತಂದಾಗ ಅದರ ಬಿಲ್ಲು, ಕೀಲಿ ಮತ್ತು ಖಾತರಿ ಪತ್ರ ಮನೆಯ ಯಜಮಾನನ ಕೈಸೇರುತ್ತವೆ. ತಂತ್ರಾಂಶದ ಘಟಕದ ವಿಷಯದಲ್ಲಿ ಈ ಮೂರೂ ಸಾಮಾನ್ಯವಾಗಿ ಯಜಮಾನನ ಅರಿವಿಗೇ ಬರುವುದಿಲ್ಲ. ಲೆಕ್ಕಪತ್ರ, ತೆರಿಗೆ ಮತ್ತು ಕಾನೂನಿನ ಹೊಣೆ ಮಾತ್ರ ಅವನದಾಗಿ ಉಳಿಯುತ್ತದೆ.

ಒಂದು ಉದಾಹರಣೆಯನ್ನು ಇಟ್ಟುಕೊಳ್ಳಬಹುದು. ಹುಬ್ಬಳ್ಳಿಯಲ್ಲಿ ಮೋಟಾರು ಬಿಡಿಭಾಗಗಳ ಸಗಟು ವ್ಯಾಪಾರ ನಡೆಸುವ ಒಂದು ಖಾಸಗಿ ನಿಯಮಿತ ಕಂಪನಿ ತನ್ನ ವಿತರಕರಿಗಾಗಿ ಜಾಲ ತಂತ್ರಾಂಶ ಬರೆಸುತ್ತಿದೆ. ಪ್ರತಿ ವಿತರಕನ ಬಿಲ್ಲುಗಳ ಪಟ್ಟಿ ಪರದೆಯ ಮೇಲೆ ಬರಬೇಕು. ದಿನಾಂಕದಂತೆ, ಮೊತ್ತದಂತೆ ಜೋಡಿಸಲು ಬರಬೇಕು. ಕಚೇರಿಯ ಗುಮಾಸ್ತರು ಅದೇ ಪಟ್ಟಿಯಲ್ಲಿ ವಸೂಲಾದ ಮೊತ್ತವನ್ನು ನಮೂದಿಸಬೇಕು. ಬೇಕೆಂದಾಗ ಎಕ್ಸೆಲ್ ಹಾಳೆಯಾಗಿ ಇಳಿಸಿಕೊಳ್ಳಬೇಕು. ಇದನ್ನು ಹೊಸದಾಗಿ ಬರೆಯಲು ಹಲವು ವಾರಗಳು ಹಿಡಿಯುತ್ತವೆ. ಸಿದ್ಧ ಕೋಷ್ಟಕವೊಂದನ್ನು, ಅಂದರೆ ತಂತ್ರಜ್ಞರು ಗ್ರಿಡ್ ಎಂದು ಕರೆಯುವ ಘಟಕವನ್ನು ಅಳವಡಿಸಿದರೆ ಕೆಲವು ದಿನ ಸಾಕು. ತಂತ್ರಾಂಶ ತಯಾರಕರು ಎರಡನೆಯದನ್ನೇ ಸೂಚಿಸುತ್ತಾರೆ. ಕಂಪನಿಯ ನಿರ್ದೇಶಕರು ಒಪ್ಪುತ್ತಾರೆ.

ಅಳವಡಿಕೆ ನಡೆಯುವ ಬಗೆ

ಅಳವಡಿಕೆಯ ಕ್ರಮ ಸರಳವಾದುದು. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬರೆದ ಘಟಕಗಳು ಎನ್‌ಪಿಎಂ ಎಂಬ ಸಾರ್ವಜನಿಕ ಭಂಡಾರದಲ್ಲಿ ದೊರೆಯುತ್ತವೆ. ತಂತ್ರಜ್ಞರು ಒಂದು ಸಾಲಿನ ಆಜ್ಞೆ ನೀಡಿದೊಡನೆ ಘಟಕವು ಯೋಜನೆಯ ಕಡತಕೋಶಕ್ಕೆ ಇಳಿದು, ಅದರ ಹೆಸರು ಮತ್ತು ಆವೃತ್ತಿ ಸಂಖ್ಯೆ ಒಂದು ಪಟ್ಟಿಯಲ್ಲಿ ದಾಖಲಾಗುತ್ತವೆ. ಆ ಘಟಕವು ಸ್ವತಃ ಬೇರೆ ಘಟಕಗಳನ್ನು ಅವಲಂಬಿಸಿದ್ದರೆ ಅವೂ ಜೊತೆಯಲ್ಲೇ ಬರುತ್ತವೆ. ಒಂದನ್ನು ಕರೆದರೆ ನಲವತ್ತು ಬಂದು ಕುಳಿತದ್ದು ಯಜಮಾನನಿಗೆ ಹೋಗಲಿ, ಎಷ್ಟೋ ವೇಳೆ ಕರೆದವರಿಗೂ ತಿಳಿದಿರುವುದಿಲ್ಲ. ಬಳಿಕ ಘಟಕದ ಬಣ್ಣ, ಅಕ್ಷರಗಳ ವಿನ್ಯಾಸ ಕಡತವನ್ನು ಪುಟಕ್ಕೆ ಜೋಡಿಸಿ, ಯಾವ ಅಂಕಣದಲ್ಲಿ ಯಾವ ಮಾಹಿತಿ ಬರಬೇಕೆಂದು ಸೂಚಿಸಿ, ಸರ್ವರಿನಿಂದ ಬರುವ ಬಿಲ್ಲುಗಳ ಮಾಹಿತಿಗೆ ಸಂಪರ್ಕ ಕಲ್ಪಿಸಿದರೆ ಕೋಷ್ಟಕ ಮೂಡುತ್ತದೆ.

ಆವೃತ್ತಿ ಸಂಖ್ಯೆಯ ಬಗ್ಗೆ ಒಂದು ಮಾತು ಅಗತ್ಯ. ಅದು ಸಾಮಾನ್ಯವಾಗಿ ಮೂರು ಭಾಗಗಳಲ್ಲಿರುತ್ತದೆ. ಮೊದಲ ಅಂಕಿ ಬದಲಾದರೆ ಹಳೆಯ ಬಳಕೆಯ ಕ್ರಮ ಮುರಿಯಬಹುದೆಂದೂ, ಎರಡನೆಯದು ಹೊಸ ಸೌಲಭ್ಯವೆಂದೂ, ಮೂರನೆಯದು ದೋಷ ಪರಿಹಾರವೆಂದೂ ಅರ್ಥ. ಪಟ್ಟಿಯಲ್ಲಿ ಸಂಖ್ಯೆಯ ಹಿಂದೆ ಒಂದು ಟೋಪಿ ಚಿಹ್ನೆ ಇದ್ದರೆ, ಎರಡನೆಯ ಮತ್ತು ಮೂರನೆಯ ಭಾಗದ ಹೊಸ ಆವೃತ್ತಿಗಳನ್ನು ತಾನಾಗಿಯೇ ತರಬಹುದೆಂದು ಅನುಮತಿ ನೀಡಿದಂತೆ. ಇಂದು ಪರೀಕ್ಷಿಸಿ ಒಪ್ಪಿಕೊಂಡ ತಂತ್ರಾಂಶವೇ ಮುಂದಿನ ತಿಂಗಳೂ ಇರಬೇಕಾದರೆ, ಲಾಕ್ ಫೈಲ್ ಎಂದು ಕರೆಯಲಾಗುವ, ನಿಖರ ಆವೃತ್ತಿಗಳನ್ನು ಬಂಧಿಸಿಡುವ ಕಡತವನ್ನು ಯೋಜನೆಯೊಂದಿಗೆ ಕಾಯ್ದಿಡಬೇಕು. ಕೆಲಸ ಒಪ್ಪಿಸಿಕೊಳ್ಳುವಾಗ ಈ ಕಡತವನ್ನು ಕೇಳಿ ಪಡೆಯುವುದು ಸ್ಟಾಕ್ ಪಟ್ಟಿಗೆ ಸಹಿ ಪಡೆದಷ್ಟೇ ಸಹಜವಾದ ಕ್ರಮವಾಗಬೇಕು.

ಲೆಕ್ಕ ತಪ್ಪುವ ಜಾಗಗಳು

ಘಟಕ ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆ ಎಂಬುದಕ್ಕೂ ಅದು ಸರಿಯಾದ ಲೆಕ್ಕ ಕೊಡುತ್ತದೆ ಎಂಬುದಕ್ಕೂ ಸಂಬಂಧವಿಲ್ಲ. ಬಹುತೇಕ ಘಟಕಗಳು ಅಮೆರಿಕ ಮತ್ತು ಯೂರೋಪಿನ ಬಳಕೆದಾರರನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಾದವು. ಹತ್ತು ಲಕ್ಷವನ್ನು ಅವು 1,000,000 ಎಂದು ತೋರಿಸುತ್ತವೆ. 10,00,000 ಎಂದು ತೋರಿಸಲು ಭಾರತೀಯ ಕ್ರಮವನ್ನು ಪ್ರತ್ಯೇಕವಾಗಿ ಸೂಚಿಸಬೇಕಾಗುತ್ತದೆ. ಇದು ಕಣ್ಣಿಗೆ ಕಾಣುವ ದೋಷವಾದ್ದರಿಂದ ಮೊದಲ ದಿನವೇ ಸರಿಹೋಗುತ್ತದೆ. ಕಾಣದ ದೋಷಗಳು ಬೇರೆ ಇವೆ.

ಅವುಗಳಲ್ಲಿ ಅತ್ಯಂತ ಗಂಭೀರವಾದುದು ದಿನಾಂಕದ್ದು. 04/05/2025 ಎಂಬುದನ್ನು ಇಲ್ಲಿನ ಗುಮಾಸ್ತರು ಮೇ 4 ಎಂದು ಬರೆದರೆ, ಜಾವಾಸ್ಕ್ರಿಪ್ಟ್ ಅದನ್ನು ಅಮೆರಿಕದ ರೂಢಿಯಂತೆ ಏಪ್ರಿಲ್ 5 ಎಂದು ಓದುತ್ತದೆ. ದಿನ 12ಕ್ಕಿಂತ ಹೆಚ್ಚಾದಾಗ ಮಾತ್ರ ತಪ್ಪು ಬಯಲಾಗುತ್ತದೆ; ಉಳಿದ ದಿನಗಳಲ್ಲಿ ಮೌನವಾಗಿ ಉಳಿಯುತ್ತದೆ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಡಕಿದೆ. ಪಂಚಾಂಗ ಘಟಕದಲ್ಲಿ 2025ರ ಏಪ್ರಿಲ್ 1ನ್ನು ಆರಿಸಿದಾಗ ಬ್ರೌಸರು ಅದನ್ನು ಭಾರತೀಯ ಕಾಲಮಾನದ ಆ ದಿನದ ಮಧ್ಯರಾತ್ರಿ 12 ಗಂಟೆ ಎಂದು ಇಟ್ಟುಕೊಳ್ಳುತ್ತದೆ. ಸರ್ವರಿಗೆ ಕಳುಹಿಸುವಾಗ ಅದನ್ನು ಜಾಗತಿಕ ಕಾಲಮಾನಕ್ಕೆ ಪರಿವರ್ತಿಸಿದರೆ ಐದೂವರೆ ಗಂಟೆ ಹಿಂದೆ ಸರಿದು, ಮಾರ್ಚ್ 31ರ ಸಂಜೆ 6-30 ಆಗುತ್ತದೆ. ಸರ್ವರು ಗಂಟೆಯನ್ನು ಬಿಟ್ಟು ದಿನಾಂಕವನ್ನು ಮಾತ್ರ ಉಳಿಸಿಕೊಂಡರೆ, ಹೊಸ ಆರ್ಥಿಕ ವರ್ಷದ ಮೊದಲ ಬಿಲ್ಲು ಹಳೆಯ ವರ್ಷದ ಕೊನೆಯ ದಿನಕ್ಕೆ ಸೇರಿಬಿಡುತ್ತದೆ. ಮಾರಾಟದ ಮೊತ್ತ, ಮಾರ್ಚ್ ತಿಂಗಳ ಜಿಎಸ್‌ಟಿ ವಿವರಣೆ, ವಿತರಕನ ವಾರ್ಷಿಕ ರಿಯಾಯಿತಿಯ ಮಿತಿ ಎಲ್ಲವೂ ಇದರಿಂದ ಏರುಪೇರಾಗುತ್ತವೆ. ಪ್ರತಿ ತಿಂಗಳ ಮೊದಲ ದಿನವೂ ಇದೇ ಕಥೆ. ಘಟಕ ತಯಾರಕರ ಪ್ರಾತ್ಯಕ್ಷಿಕೆಯಲ್ಲಿ ಇದು ಎಂದೂ ಕಾಣದು. ಏಕೆಂದರೆ ಗ್ರೀನಿಚ್ ರೇಖೆಗೆ ಪಶ್ಚಿಮದಲ್ಲಿರುವ ಅಮೆರಿಕದಲ್ಲಿ ಅದೇ ಮಧ್ಯರಾತ್ರಿಯ ಪರಿವರ್ತನೆ ಮುಂದಕ್ಕೆ ಸರಿದರೂ ಅದೇ ದಿನದೊಳಗೇ ನಿಲ್ಲುತ್ತದೆ. ಪರಿಹಾರ ಕಷ್ಟವಲ್ಲ. ಬಿಲ್ಲಿನ ದಿನಾಂಕವನ್ನು ಗಂಟೆಯಿಲ್ಲದ ಶುದ್ಧ ದಿನಾಂಕವಾಗಿ, ವರ್ಷ-ತಿಂಗಳು-ದಿನ ಎಂಬ ಅಕ್ಷರ ರೂಪದಲ್ಲೇ ಕಳುಹಿಸಬೇಕು. ಆದರೆ ಒಪ್ಪಿಸಿಕೊಳ್ಳುವ ಮುನ್ನ ಏಪ್ರಿಲ್ 1ರ ಒಂದು ಪರೀಕ್ಷಾ ಬಿಲ್ಲನ್ನು ಮಾಡಿ ನೋಡದ ಹೊರತು ಈ ದೋಷ ಪತ್ತೆಯಾಗುವುದಿಲ್ಲ.

ಅಂಕಿಗಳದೂ ಇಂತಹದೇ ಪಾಡು. ಜಾವಾಸ್ಕ್ರಿಪ್ಟ್‌ನಲ್ಲಿ 0.1 ಮತ್ತು 0.2ನ್ನು ಕೂಡಿಸಿದರೆ 0.30000000000000004 ಬರುತ್ತದೆ, ದಶಮಾಂಶಗಳನ್ನು ಅದು ದ್ವಿಮಾನ ಪದ್ಧತಿಯಲ್ಲಿ ಇಡುವುದೇ ಇದಕ್ಕೆ ಕಾರಣ. ಕೋಷ್ಟಕದ ಅಡಿಯಲ್ಲಿ ಘಟಕವೇ ತೋರಿಸುವ ಒಟ್ಟು ಮೊತ್ತವನ್ನು ನಂಬಿ ತೆರಿಗೆ ಲೆಕ್ಕ ಹಾಕುವುದು ತರವಲ್ಲ. ಪೈಸೆಗಳ ಲೆಕ್ಕ ಸರ್ವರಿನಲ್ಲಿ ನಡೆಯಬೇಕು, ಪರದೆ ಅದನ್ನು ತೋರಿಸಿದರೆ ಸಾಕು. ಹಾಗೆಯೇ ಈ ಭಾಷೆ ಪೂರ್ಣಾಂಕಗಳನ್ನು 9,00,71,99,25,47,40,991ರವರೆಗೆ, ಅಂದರೆ ಹದಿನಾರು ಅಂಕಿಗಳ ಆ ಒಂದು ಮಿತಿಯವರೆಗೆ ಮಾತ್ರ ನಿಖರವಾಗಿ ಹಿಡಿದಿಡುತ್ತದೆ. ಅದಕ್ಕಿಂತ ದೊಡ್ಡದಾದ ಬ್ಯಾಂಕ್ ಖಾತೆ ಸಂಖ್ಯೆಯನ್ನು ಅಂಕಿಯೆಂದು ಭಾವಿಸಿ ಅಂಕಣದಲ್ಲಿಟ್ಟರೆ ಕೊನೆಯ ಅಂಕಿಗಳು ಬದಲಾಗಬಹುದು. ಸೊನ್ನೆಯಿಂದ ಆರಂಭವಾಗುವ ಖಾತೆ ಸಂಖ್ಯೆಯ ಸೊನ್ನೆಗಳು ಬಿದ್ದುಹೋಗುತ್ತವೆ. ಖಾತೆ ಸಂಖ್ಯೆ, ದೂರವಾಣಿ ಸಂಖ್ಯೆ, ಪಿನ್ ಕೋಡ್ ಇವುಗಳನ್ನು ಅಕ್ಷರಗಳೆಂದೇ ಪರಿಗಣಿಸಬೇಕೆಂದು ಸೂಚನೆ ನೀಡುವುದು ಲೇಸು.

ಕನ್ನಡದಲ್ಲಿ ಗ್ರಾಹಕರ ಹೆಸರು, ಸರಕಿನ ವಿವರ ಇಟ್ಟುಕೊಳ್ಳುವವರು ಪಿಡಿಎಫ್ ಆಗಿ ಇಳಿಸುವ ಸೌಲಭ್ಯವನ್ನು ಮೊದಲೇ ಪರೀಕ್ಷಿಸಬೇಕು. ಪರದೆಯ ಮೇಲೆ ಸರಿಯಾಗಿ ಕಂಡ ‘ಬಳ್ಳಾರಿ’, ‘ಹುಬ್ಬಳ್ಳಿ’ಗಳ ಒತ್ತಕ್ಷರಗಳು ಮುದ್ರಿತ ಪ್ರತಿಯಲ್ಲಿ ಚೆದುರಿ ಬೀಳುವುದು ಅಪರೂಪವಲ್ಲ. ಬ್ರೌಸರಿಗೆ ಅಕ್ಷರ ಜೋಡಿಸುವ ಕಲೆ ಗೊತ್ತು. ಅನೇಕ ಪಿಡಿಎಫ್ ಘಟಕಗಳಿಗೆ ಗೊತ್ತಿಲ್ಲ.

ತಿದ್ದುಪಡಿಯ ಜಾಡು

ಹುಬ್ಬಳ್ಳಿಯ ಉದಾಹರಣೆಯಲ್ಲಿ ಗುಮಾಸ್ತರು ಕೋಷ್ಟಕದ ಒಳಗೇ ವಸೂಲಿ ಮೊತ್ತವನ್ನು ತಿದ್ದುತ್ತಾರೆ. ಇಲ್ಲಿ ಕಂಪನಿ ಕಾನೂನಿನ ಒಂದು ಮುಖ್ಯ ಪ್ರಶ್ನೆ ಏಳುತ್ತದೆ. 2014ರ ಕಂಪನಿಗಳ (ಲೆಕ್ಕಪತ್ರ) ನಿಯಮಗಳ 3ನೇ ನಿಯಮಕ್ಕೆ ಸೇರಿಸಿದ ಷರತ್ತಿನಂತೆ, 2023ರ ಏಪ್ರಿಲ್ 1ರಂದು ಅಥವಾ ಅನಂತರ ಆರಂಭವಾದ ಆರ್ಥಿಕ ವರ್ಷಗಳಿಗೆ, ಲೆಕ್ಕಪತ್ರ ಇಡಲು ಬಳಸುವ ತಂತ್ರಾಂಶವು ಪ್ರತಿ ವ್ಯವಹಾರದ ಪ್ರತಿ ಬದಲಾವಣೆಯನ್ನೂ ದಿನಾಂಕ ಸಹಿತ ದಾಖಲಿಸಬೇಕು. ಆ ಸೌಲಭ್ಯವನ್ನು ಯಾರೂ ನಿಲ್ಲಿಸಲು ಬರಬಾರದು. ಲೆಕ್ಕಪರಿಶೋಧಕರು ಇದರ ಬಗ್ಗೆ ತಮ್ಮ ವರದಿಯಲ್ಲಿ ಹೇಳಬೇಕಾದುದು ಕಡ್ಡಾಯ. ಪಾಲುದಾರಿಕೆ ಸಂಸ್ಥೆಗಳಿಗೂ ಒಡೆತನದ ಅಂಗಡಿಗಳಿಗೂ ಈ ನಿಯಮ ಅನ್ವಯಿಸದು, ಆದರೆ ಖಾಸಗಿ ನಿಯಮಿತ ಕಂಪನಿ ಎಷ್ಟೇ ಚಿಕ್ಕದಾದರೂ ವಿನಾಯಿತಿಯಿಲ್ಲ.

ಸಿದ್ಧ ಗ್ರಿಡ್ ಘಟಕವು ಅಂಕಣದೊಳಗಿನ ತಿದ್ದುಪಡಿಗೆ ಅವಕಾಶ ಕೊಡುತ್ತದೆ. ಹಿಂದಿನ ಮೌಲ್ಯ ಮರಳಿಸುವ ಸೌಲಭ್ಯವೂ ಕೆಲವಲ್ಲಿ ಇರುತ್ತದೆ. ಇದನ್ನೇ ತಿದ್ದುಪಡಿಯ ದಾಖಲೆಯೆಂದು ಭಾವಿಸುವುದು ದೊಡ್ಡ ತಪ್ಪು. ಬ್ರೌಸರು ಮುಚ್ಚಿದೊಡನೆ ಆ ನೆನಪು ಅಳಿಯುತ್ತದೆ. ₹45,000 ಎಂದಿದ್ದುದು ₹54,000 ಆಯಿತೆಂಬುದು, ಯಾವ ಗುಮಾಸ್ತರು ಎಷ್ಟು ಗಂಟೆಗೆ ಬದಲಾಯಿಸಿದರೆಂಬುದು ದತ್ತಾಂಶ ಸಂಗ್ರಹದಲ್ಲೇ ಪ್ರತ್ಯೇಕ ಸಾಲಾಗಿ ಉಳಿಯಬೇಕು. ಇದಕ್ಕೆ ಘಟಕವು ಏನನ್ನೂ ಮಾಡುವುದಿಲ್ಲ. ತಂತ್ರಾಂಶ ತಯಾರಕರು ಸರ್ವರಿನಲ್ಲಿ ಬರೆಯಬೇಕು. ಅಂದಾಜುಪಟ್ಟಿಯಲ್ಲಿ ಈ ಕೆಲಸ ಪ್ರತ್ಯೇಕ ಬಾಬಾಗಿ ಇಲ್ಲದಿದ್ದರೆ ಅದು ಆಗುವುದಿಲ್ಲವೆಂದೇ ತಿಳಿಯಬಹುದು. ಮೇಲಾಗಿ, ಪರದೆಯಲ್ಲಿ ತಿದ್ದಲಾಗದಂತೆ ಬೀಗ ಹಾಕಿದ ಅಂಕಣವನ್ನೂ ಸ್ವಲ್ಪ ಗೊತ್ತಿರುವವರು ಬ್ರೌಸರಿನ ಮೂಲಕ ಬದಲಾಯಿಸಿ ಕಳುಹಿಸಬಲ್ಲರು. ಸರ್ವರಿನಲ್ಲಿ ಪುನಃ ಪರಿಶೀಲನೆ ಇಲ್ಲದ ಬೀಗ ಬರಿಯ ಚಿತ್ರ.

ಪರವಾನಗಿಯ ಬಗೆಗಳು

‘ಉಚಿತ’ ಎಂಬ ಮಾತನ್ನು ತಂತ್ರಾಂಶ ತಯಾರಕರು ಹಲವು ಅರ್ಥಗಳಲ್ಲಿ ಬಳಸುತ್ತಾರೆ. ಎಂಐಟಿ ಪರವಾನಗಿಯ ಘಟಕಗಳನ್ನು ವಾಣಿಜ್ಯ ಉದ್ದೇಶಕ್ಕೂ ಹಣವಿಲ್ಲದೆ ಬಳಸಬಹುದು. ಹಕ್ಕುಸ್ವಾಮ್ಯದ ಸೂಚನೆಯನ್ನು ಉಳಿಸಿಕೊಳ್ಳಬೇಕು, ಯಾವುದೇ ಖಾತರಿಯನ್ನು ನಿರೀಕ್ಷಿಸಬಾರದು. ಡೇಟಾಟೇಬಲ್ಸ್ ಎಂಬ ಬಹುಬಳಕೆಯ ಕೋಷ್ಟಕ ಘಟಕ ಈ ಬಗೆಯದು. ಆದರೆ ಅದೇ ತಯಾರಕರ ತಿದ್ದುಪಡಿ ಸೌಲಭ್ಯದ ಎಡಿಟರ್ ಎಂಬ ಸೇರ್ಪಡೆಗೆ ಹಣ ತೆರಬೇಕು. ಎಜಿ ಗ್ರಿಡ್‌ನ ಸಮುದಾಯ ಆವೃತ್ತಿ ಉಚಿತ, ಸಾಲುಗಳನ್ನು ಗುಂಪುಗೂಡಿಸುವ ಮತ್ತು ಎಕ್ಸೆಲ್ ಹಾಳೆಯಾಗಿ ಇಳಿಸುವ ಸೌಲಭ್ಯಗಳು ಹಣ ತೆರುವ ಎಂಟರ್‌ಪ್ರೈಸ್ ಆವೃತ್ತಿಯಲ್ಲಿವೆ. ಅದರ ಪರವಾನಗಿ ತಂತ್ರಜ್ಞರ ತಲೆಯ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಹೈಚಾರ್ಟ್ಸ್ ಎಂಬ ರೇಖಾಚಿತ್ರ ಘಟಕಕ್ಕೆ ವಾಣಿಜ್ಯ ಬಳಕೆಯಲ್ಲಿ ಪರವಾನಗಿ ಬೇಕು. ಇನ್ನು ಜಿಪಿಎಲ್ ಬಗೆಯ ಘಟಕವನ್ನು ಸೇರಿಸಿದ ತಂತ್ರಾಂಶವನ್ನು ಬೇರೆಯವರಿಗೆ ಹಂಚಿದರೆ ಇಡೀ ತಂತ್ರಾಂಶದ ಮೂಲ ಬರಹವನ್ನು ತೆರೆದಿಡುವ ಹೊಣೆ ಬರುತ್ತದೆ. ಪರವಾನಗಿಗಳು ಕಾಲಕ್ರಮದಲ್ಲಿ ಬದಲಾಗುವುದೂ ಉಂಟು. ಎಕ್ಸ್ಟ್ ಜೆಎಸ್ ಎಂಬ ಜನಪ್ರಿಯ ಘಟಕಸಂಗ್ರಹವು 2008ರಲ್ಲಿ ಹೀಗೆ ಪರವಾನಗಿ ಬದಲಿಸಿದಾಗ ಬಳಕೆದಾರರಲ್ಲಿ ದೊಡ್ಡ ಗೊಂದಲವೇ ಆಯಿತು.

ಪರವಾನಗಿ ಇಲ್ಲದ ಪ್ರತಿಯೆಂದು ತಿಳಿದೂ ಕಂಪ್ಯೂಟರ್ ತಂತ್ರಾಂಶವನ್ನು ಬಳಸುವುದು 1957ರ ಕೃತಿಸ್ವಾಮ್ಯ ಅಧಿನಿಯಮದ 63ಬಿ ಕಲಮಿನಡಿ ಶಿಕ್ಷಾರ್ಹ: ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ₹50,000ದಿಂದ ₹2 ಲಕ್ಷದವರೆಗೆ ದಂಡ. ಬಳಕೆದಾರ ಎಂದರೆ ಬರೆದುಕೊಟ್ಟವರು ಮಾತ್ರವಲ್ಲ, ಬಳಸುತ್ತಿರುವ ವ್ಯಾಪಾರಿಯೂ ಹೌದು.

ತೆರಿಗೆಯ ಲೆಕ್ಕ

ಘಟಕದ ಪರವಾನಗಿಗೆ ವಿದೇಶಿ ಕಂಪನಿಗೆ ₹80,000ಕ್ಕೆ ಸಮನಾದ ಹಣ ಕೊಡಲಾಯಿತು ಎಂದಿಟ್ಟುಕೊಳ್ಳಬಹುದು. ಇದು ಸೇವೆಯ ಆಮದು. ರಿವರ್ಸ್ ಚಾರ್ಜ್ ಪದ್ಧತಿಯಂತೆ 18% ಐಜಿಎಸ್‌ಟಿ, ಅಂದರೆ ₹14,400ನ್ನು ಪಡೆದುಕೊಂಡ ವ್ಯಾಪಾರಿಯೇ ಕಟ್ಟಬೇಕು. ಇದನ್ನು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್‌ನಿಂದ ಹೊಂದಿಸಲು ಬರುವುದಿಲ್ಲ, ನಗದು ಲೆಡ್ಜರಿನಿಂದಲೇ ಪಾವತಿಯಾಗಬೇಕು. ಕಟ್ಟಿದ ಬಳಿಕ ತೆರಿಗೆ ವಿಧಿಸಬಹುದಾದ ಸರಕು ಮಾರುವವರಿಗೆ ಆ ಮೊತ್ತ ಕ್ರೆಡಿಟ್ ಆಗಿ ಮರಳುತ್ತದೆ. ರಾಜಿ ತೆರಿಗೆ ಪದ್ಧತಿಯವರಿಗೆ ಮತ್ತು ಪೂರ್ಣ ವಿನಾಯಿತಿಯ ಸರಕುಗಳನ್ನಷ್ಟೇ ಮಾರುವ ನೋಂದಾಯಿತರಿಗೆ ಮರಳುವುದಿಲ್ಲ. ಅವರ ಪಾಲಿಗೆ ಘಟಕದ ನಿಜವಾದ ಬೆಲೆ ₹94,400. ವ್ಯವಹಾರದಲ್ಲಿ ಕಂಡುಬರುವ ತೊಂದರೆಯೆಂದರೆ, ಇಂತಹ ಪಾವತಿ ನಿರ್ದೇಶಕರ ಸ್ವಂತ ಕ್ರೆಡಿಟ್ ಕಾರ್ಡಿನಲ್ಲಿ ನಡೆದು, ಬಿಲ್ಲು ಅವರ ಇ-ಮೇಲ್ ಪೆಟ್ಟಿಗೆಯಲ್ಲೇ ಉಳಿದು, ವರ್ಷಾಂತ್ಯದಲ್ಲಿ ಲೆಕ್ಕಪರಿಶೋಧನೆಗೆ ಬಂದಾಗ ಮಾತ್ರ ಬೆಳಕಿಗೆ ಬರುವುದು. ಅಷ್ಟರಲ್ಲಿ ಬಡ್ಡಿ ಬೆಳೆದಿರುತ್ತದೆ.

ಆದಾಯ ತೆರಿಗೆಯ ಮಟ್ಟಿಗೆ ಕರ್ನಾಟಕಕ್ಕೆ ನೇರ ಸಂಬಂಧವಿರುವ ವಿವಾದವೊಂದು ದೀರ್ಘಕಾಲ ನಡೆಯಿತು. ವಿದೇಶದಿಂದ ಕೊಂಡ ಸಿದ್ಧ ತಂತ್ರಾಂಶದ ಬೆಲೆ ರಾಯಧನವೇ, ಮೂಲದಲ್ಲಿ ತೆರಿಗೆ ಕಡಿತ ಮಾಡಬೇಕೇ ಎಂಬ ಪ್ರಶ್ನೆಗೆ ಕರ್ನಾಟಕ ಉಚ್ಚ ನ್ಯಾಯಾಲಯ 2011ರಲ್ಲಿ ಸ್ಯಾಮ್‌ಸಂಗ್ ಎಲೆಕ್ಟ್ರಾನಿಕ್ಸ್ ಪ್ರಕರಣದಲ್ಲಿ ಹೌದೆಂದು ತೀರ್ಪು ನೀಡಿತ್ತು. 2021ರ ಮಾರ್ಚ್ 2ರಂದು ಸರ್ವೋಚ್ಚ ನ್ಯಾಯಾಲಯ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಪ್ರಕರಣದಲ್ಲಿ ಇದನ್ನು ಬದಲಿಸಿತು. ಬಳಕೆದಾರನಿಗೆ ದೊರೆಯುವುದು ಹಕ್ಕುಸ್ವಾಮ್ಯದ ವಸ್ತುವೇ ಹೊರತು ಹಕ್ಕುಸ್ವಾಮ್ಯವಲ್ಲ, ಆದ್ದರಿಂದ ದ್ವಿತೆರಿಗೆ ನಿವಾರಣೆಯ ಒಪ್ಪಂದಗಳಡಿ ಅದು ರಾಯಧನವಲ್ಲ ಎಂಬುದು ತೀರ್ಪಿನ ಸಾರ. ಒಪ್ಪಂದದ ಲಾಭ ಪಡೆಯಲು ಮಾರಾಟಗಾರರ ತೆರಿಗೆ ನಿವಾಸದ ಪ್ರಮಾಣಪತ್ರವನ್ನು ಪಡೆದಿಡಬೇಕಾಗುತ್ತದೆ. 2020ರಲ್ಲಿ ವಿದೇಶಿ ಇ-ವಾಣಿಜ್ಯ ಸಂಸ್ಥೆಗಳ ಮೇಲೆ ಹೇರಿದ 2% ಸಮೀಕರಣ ಸುಂಕ 2024ರ ಆಗಸ್ಟ್ 1ರಿಂದ ರದ್ದಾಗಿದೆ.

ವಾರ್ಷಿಕ ಚಂದಾ ರೂಪದ ಪರವಾನಗಿ ಆಯಾ ವರ್ಷದ ಖರ್ಚು. ಶಾಶ್ವತ ಪರವಾನಗಿಯ ಬೆಲೆಯನ್ನು ತಂತ್ರಾಂಶದ ಒಟ್ಟು ವೆಚ್ಚಕ್ಕೆ ಸೇರಿಸಿ ಅಮೂರ್ತ ಆಸ್ತಿಯಾಗಿ ತೋರಿಸುವುದು ಕ್ರಮ.

ಭದ್ರತೆ ಮತ್ತು ಆಯುಸ್ಸು

2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಎಂಬ ಕೇವಲ 11 ಸಾಲುಗಳ ಘಟಕವನ್ನು ಅದರ ಕರ್ತೃ ಎನ್‌ಪಿಎಂ ಭಂಡಾರದಿಂದ ಹಿಂತೆಗೆದಾಗ, ಅದನ್ನು ಪರೋಕ್ಷವಾಗಿ ಅವಲಂಬಿಸಿದ್ದ ಲೆಕ್ಕವಿಲ್ಲದಷ್ಟು ಯೋಜನೆಗಳ ಕೆಲಸ ಕೆಲವು ಗಂಟೆಗಳ ಕಾಲ ನಿಂತಿತು. ಅದರಿಂದ ಯಾರ ಹಣವೂ ಕಳವಾಗಲಿಲ್ಲ. 2018ರಲ್ಲಿ ಬ್ರಿಟಿಷ್ ಏರ್‌ವೇಸ್‌ನ ಜಾಲತಾಣದಲ್ಲಿ ನಡೆದುದು ಬೇರೆ. ಅಲ್ಲಿದ್ದ ಮಾಡರ್ನೈಜರ್ ಎಂಬ ಸಿದ್ಧ ಘಟಕದ ಫೈಲಿಗೆ ವಂಚಕರು 22 ಸಾಲುಗಳನ್ನು ಸೇರಿಸಿ, ಗ್ರಾಹಕರು ಟೈಪು ಮಾಡಿದ ಕಾರ್ಡಿನ ವಿವರಗಳನ್ನು ಹೊರಗೆ ಸಾಗಿಸಿದರು. ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಸೋರಿದ ಈ ಪ್ರಕರಣದಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2020ರಲ್ಲಿ 2 ಕೋಟಿ ಪೌಂಡ್ ದಂಡ ವಿಧಿಸಿತು. 2024ರ ಜೂನ್‌ನಲ್ಲಿ ಪಾಲಿಫಿಲ್ ಎಂಬ ಘಟಕವನ್ನು ಹಂಚುತ್ತಿದ್ದ ವಿಳಾಸ ಕೈ ಬದಲಾದ ನಂತರ, ಅದನ್ನು ನೇರವಾಗಿ ಜೋಡಿಸಿಕೊಂಡಿದ್ದ ಒಂದು ಲಕ್ಷಕ್ಕೂ ಹೆಚ್ಚು ಜಾಲತಾಣಗಳು ಅಪಾಯಕ್ಕೆ ಒಳಗಾದವು. ಘಟಕದ ಫೈಲನ್ನು ಹೊರಗಿನ ವಿಳಾಸದಿಂದ ಪ್ರತಿ ಬಾರಿ ತರಿಸುವ ಬದಲು ಪರೀಕ್ಷಿಸಿದ ಪ್ರತಿಯನ್ನು ಸ್ವಂತ ಸರ್ವರಿನಲ್ಲಿಟ್ಟು, ಅದು ಬದಲಾಗಿಲ್ಲವೆಂಬುದನ್ನು ಆಗಾಗ್ಗೆ ತಾಳೆ ನೋಡುವಂತೆ ತಂತ್ರಾಂಶ ತಯಾರಕರಿಗೆ ಹೇಳಬೇಕು. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಸೂಕ್ತ ಭದ್ರತಾ ಕ್ರಮ ಕೈಗೊಳ್ಳದಿದ್ದರೆ ₹250 ಕೋಟಿಯವರೆಗೆ ದಂಡಕ್ಕೆ ಅವಕಾಶ ನೀಡಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುವಂತೆ ರೂಪಿಸಲಾಗಿದೆ.

ಘಟಕಗಳಿಗೂ ಆಯುಸ್ಸು ಇದೆ. ಅಡೋಬಿ ಸಂಸ್ಥೆ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಅನ್ನು ಕೊನೆಗೊಳಿಸುವುದಾಗಿ 2017ರಲ್ಲೇ ಪ್ರಕಟಿಸಿತ್ತು. ಆದರೂ ದಕ್ಷಿಣ ಆಫ್ರಿಕಾದ ಕಂದಾಯ ಇಲಾಖೆಯ ಕೆಲವು ವಿವರಣೆ ನಮೂನೆಗಳು ಫ್ಲ್ಯಾಶ್ ಮೇಲೆಯೇ ನಿಂತಿದ್ದವು. 2021ರ ಜನವರಿಯಲ್ಲಿ ಆ ಇಲಾಖೆ ತನ್ನ ತೆರಿಗೆದಾರರಿಗಾಗಿ ಫ್ಲ್ಯಾಶ್ ನಡೆಸಬಲ್ಲ ಒಂದು ಪ್ರತ್ಯೇಕ ಬ್ರೌಸರನ್ನೇ ಬಿಡುಗಡೆ ಮಾಡಬೇಕಾಯಿತು. ಕೋಲ್ಕತ್ತಾದಲ್ಲಿ ಹುಟ್ಟಿದ ಫ್ಯೂಷನ್‌ಚಾರ್ಟ್ಸ್ ಎಂಬ ರೇಖಾಚಿತ್ರ ಘಟಕವೂ ಫ್ಲ್ಯಾಶ್‌ನಿಂದಲೇ ಆರಂಭವಾದುದು. ಅದರ ತಯಾರಕರು ಕಾಲವರಿತು ಜಾವಾಸ್ಕ್ರಿಪ್ಟ್‌ಗೆ ಬದಲಾಯಿಸಿಕೊಂಡರು.

ಒಪ್ಪಂದ ಪತ್ರ

ಹುಬ್ಬಳ್ಳಿಯ ಕಂಪನಿ ಹಣ ಕೊಟ್ಟು ಬರೆಸಿದ ತಂತ್ರಾಂಶ ತನ್ನದೇ ಎಂದು ಭಾವಿಸಿರುತ್ತದೆ. ಕೃತಿಸ್ವಾಮ್ಯ ಅಧಿನಿಯಮದ 17ನೇ ಕಲಮಿನಂತೆ ನೌಕರರು ಕೆಲಸದ ಭಾಗವಾಗಿ ಬರೆದುದು ಮಾಲೀಕರದು. ಹೊರಗಿನ ಗುತ್ತಿಗೆದಾರರು ಬರೆದುದು, ಬೇರೆ ಒಪ್ಪಂದವಿಲ್ಲದಿದ್ದರೆ, ಗುತ್ತಿಗೆದಾರರದೇ. ಹಕ್ಕನ್ನು ಬರಹದ ಮೂಲಕ ವರ್ಗಾಯಿಸಬೇಕು. ಆ ಬರಹದಲ್ಲಿ ಅವಧಿ ನಮೂದಿಸದಿದ್ದರೆ 19ನೇ ಕಲಮಿನಂತೆ ಅದು ಐದು ವರ್ಷಕ್ಕೆ ಮಾತ್ರ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದು ಭಾವಿಸಲಾಗುತ್ತದೆ. ಸಿದ್ಧ ಘಟಕಗಳ ಹಕ್ಕಂತೂ ಗುತ್ತಿಗೆದಾರರಿಗೇ ಇಲ್ಲದ್ದರಿಂದ ಅವರು ಅದನ್ನು ವರ್ಗಾಯಿಸಲಾರರು. ಆದ್ದರಿಂದ ಒಪ್ಪಂದಕ್ಕೆ ಒಂದು ಅನುಬಂಧ ಬೇಕು: ಪ್ರತಿ ಘಟಕದ ಹೆಸರು, ನಿಖರ ಆವೃತ್ತಿ, ಪರವಾನಗಿಯ ಬಗೆ, ಹಣ ತೆತ್ತಿದ್ದರೆ ಯಾರ ಹೆಸರಿನಲ್ಲಿ ಕೊಳ್ಳಲಾಯಿತು ಮತ್ತು ನವೀಕರಣದ ದಿನಾಂಕ ಯಾವುದು ಎಂಬ ವಿವರ. ಪರವಾನಗಿಯ ಕೀಲಿಯನ್ನು ಗುತ್ತಿಗೆದಾರರ ಹೆಸರಿನಲ್ಲಿ ಕೊಂಡಿದ್ದರೆ, ಅವರು ಕೆಲಸ ಬಿಟ್ಟು ಹೋದ ಮೇಲೆ ಹೊಸ ತಂತ್ರಜ್ಞರು ಅದನ್ನು ಬಳಸುವಂತಿಲ್ಲ. ಕೊನೆಯ ಕಂತನ್ನು ಪಾವತಿ ಮಾಡುವ ಮುನ್ನ ಈ ಅನುಬಂಧ, ಲಾಕ್ ಫೈಲ್ ಮತ್ತು ಏಪ್ರಿಲ್ 1ರ ಪರೀಕ್ಷಾ ಬಿಲ್ಲಿನ ಮುದ್ರಿತ ಪ್ರತಿಯನ್ನು ಲೆಕ್ಕಪತ್ರ ವಿಭಾಗದ ಕಡತಕ್ಕೆ ಸೇರಿಸಬೇಕು.